ಉದುರದ ಕಾಯಿ

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಹೊಟ್ಟೆ ಬಿರಿಯುವಷ್ಟು ಉಂಡು, ಬದುವಿನ ಬೋರೆ ಗಿಡದ ನೆರಳಿಗೆ ಅಡ್ಡಾಗಿದ್ದೆ. ಅಕ್ಕನ ಊರು ಚಿಂಚೋಳಿ ತಾಲ್ಲೂಕಿನಲ್ಲಿ, ಕಾಡಿನ ಅಂಚಿಗಿದೆ. ಜೋಳದ ಹೊಲ ಮುಗಿದಲ್ಲಿ ಕುರುಚಲು, ಕುರುಚಲು ಮುಗಿದಲ್ಲಿ ಕಾಡು. ಅಕ್ಕನ ಮೊಮ್ಮಗ ಬೋರೆಹಣ್ಣಿಗೆ ಕಲ್ಲು ಬೀಸುತ್ತಿದ್ದ. ಹಣ್ಣು ಉದುರಿದವು, ಎಲೆ ಉದುರಿದವು, ಒಂದೆರಡು ಕಲ್ಲು ನನ್ನ ತಲೆಯ ಪಕ್ಕದಲ್ಲೂ ಬಿದ್ದವು. ಒಂದು ಕಾಯಿ ಮಾತ್ರ ಏಟು ತಿಂದು ಜೋಲಾಡಿತೇ ಹೊರತು ಕೆಳಗೆ ಬರಲಿಲ್ಲ.

“ಅಜ್ಜಾ, ಆ ಕಾಯಿ ಒಣಗಿದೆ. ಒಣಗಿದರೂ ಬೀಳುತ್ತಿಲ್ಲ” ಎಂದು ಹುಡುಗ ದೂರು ತಂದ.

ಎದ್ದು ನೋಡಿದೆ. ಪಾರಿವಾಳದ ಮೊಟ್ಟೆಯ ಗಾತ್ರ, ತೊಗರಿ ಬೇಳೆಯ ಮೇಲೆ ಬೂದಿ ಎರಚಿದಂಥ ಬಣ್ಣ. ತೊಟ್ಟಿನ ಜಾಗದಲ್ಲಿ ಕಪ್ಪು ತಂತಿಯಂತೆ ಗಟ್ಟಿಯಾದ ಒಂದು ಕಡ್ಡಿ. ಆ ಕಡ್ಡಿ ಮೇಲೆ ಹೋಗಿ ಟೊಂಗೆಯನ್ನು ಬಳೆಯಂತೆ ಸುತ್ತಿಕೊಂಡಿತ್ತು. ಬಳೆಯನ್ನು ಉಗುರಿನಿಂದ ಬಿಡಿಸಲು ಹೋದರೆ ಉಗುರೇ ಸೀಳಿತು. ಕೊನೆಗೆ ಟೊಂಗೆಯನ್ನೇ ಕುಡುಗೋಲಿನಿಂದ ಕತ್ತರಿಸಬೇಕಾಯಿತು. ಅದೇ ಗಿಡದಲ್ಲಿ ಇನ್ನೂ ಎರಡು ಸಿಕ್ಕವು. ಬೋರೆಯ ಮುಳ್ಳು ಮೊಣಕೈವರೆಗೆ ಗೀರು ಹಾಕಿತು. ಹಬ್ಬದ ದಿನ ಮೈಗೆ ರಕ್ತ ಮಾಡಿಕೊಂಡು ಬಂದವನನ್ನು ನೋಡಿ ಅಕ್ಕ, “ಐವತ್ತೆಂಟು ವರ್ಷ ಆಯಿತು ತಮ್ಮಾ, ಇನ್ನೂ ಹುಳಹುಪ್ಪಟೆ ಬಿಡಲಿಲ್ಲ ನೀನು” ಎಂದಳು.

ಅದು ತಸರ್ ರೇಷ್ಮೆ ಪತಂಗದ ಗೂಡು. ಕಾಡಿನ ಹುಳು, ಸಾಕಿದ ರೇಷ್ಮೆ ಹುಳುವಿನ ದೂರದ ಸಂಬಂಧಿ. ಹಿಪ್ಪುನೇರಳೆಯ ಹುಳುವನ್ನು ಮನುಷ್ಯ ಸಾವಿರಾರು ವರ್ಷ ತಟ್ಟೆಯಲ್ಲಿ ಸಾಕಿ ಸಾಕಿ, ಅದರ ಪತಂಗಕ್ಕೆ ಹಾರುವುದೇ ಮರೆತುಹೋಗಿದೆ. ತಸರ್ ಹಾಗಲ್ಲ. ಇವತ್ತಿಗೂ ಜಾರ್ಖಂಡ್, ಛತ್ತೀಸಗಡ, ಒಡಿಶಾಗಳ ಆದಿವಾಸಿಗಳು ಇದನ್ನು ಮರದ ಮೇಲೆಯೇ ಬಿಟ್ಟು, ಹಗಲಿಡೀ ಕೆಳಗೆ ನಿಂತು ಹಕ್ಕಿ ಓಡಿಸುತ್ತ ಬೆಳೆಸುತ್ತಾರೆ. ಚಿಂಚೋಳಿಯಲ್ಲಿ ಅದನ್ನು ಬೆಳೆಸುವವರನ್ನು ನಾನು ಕಂಡಿಲ್ಲ. ಇಲ್ಲಿ ಅದು ತನ್ನ ಪಾಡಿಗೆ ತಾನಿದೆ. ಗಡಿಯಾಚೆಯ ತೆಲುಗಿನವರು ದಸಲಿ ಎನ್ನುತ್ತಾರೆ. ಸಂಸ್ಕೃತದಲ್ಲಿ ತಸರ ಎಂದರೆ ನೇಕಾರನ ಲಾಳಿ. ಗೂಡನ್ನು ಅಂಗೈಯಲ್ಲಿ ಅಡ್ಡ ಇಟ್ಟುಕೊಂಡು ನೋಡಿದರೆ ಆ ಹೆಸರು ಸುಮ್ಮನೆ ಬಂದದ್ದಲ್ಲ ಅನ್ನಿಸುತ್ತದೆ. ವಿಜ್ಞಾನದ ಹೆಸರು ಆಂಥೆರಿಯಾ ಮೈಲಿಟ್ಟ. ಅದರಲ್ಲಿ ಮೈಲಿಟ್ಟ ಎಂಬುದು 1773ರಲ್ಲಿ ಡ್ರೂರಿ ಎಂಬ ಆಂಗ್ಲ ಸಂಗ್ರಾಹಕ ಇಟ್ಟದ್ದು. ಮೈಲಿಟ್ಟ ಬ್ಯಾಬಿಲೋನಿನ ಒಬ್ಬ ದೇವತೆ. ಬೋರೆ ಗಿಡದಲ್ಲಿ ನೇತಾಡುವವಳಿಗೆ ಆ ಹೆಸರು ಸ್ವಲ್ಪ ಭಾರವೇ.

ಆ ಬಳೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹಣ್ಣಾದ ಹುಳು (ರೇಷ್ಮೆ ಬೆಳೆಯುವವರ ಮಾತಿನಲ್ಲಿ, ಮೇಯುವುದು ಮುಗಿಸಿ ಗೂಡಿಗೆ ಸಿದ್ಧವಾದ ಹುಳು) ಮೊದಲು ಹೊಟ್ಟೆಯನ್ನು ಪೂರ್ತಿ ಖಾಲಿ ಮಾಡಿಕೊಳ್ಳುತ್ತದೆ. ಆಮೇಲೆ ಎರಡು ಮೂರು ಎಲೆಗಳನ್ನು ನೂಲಿನಿಂದ ಎಳೆದು ಜೋಳಿಗೆಯಂತೆ ಸೇರಿಸುತ್ತದೆ. ಬೇರೆ ಯಾವ ಹುಳುವಾದರೂ ಇಲ್ಲಿಗೆ ಒಳಗೆ ಸೇರಿ ಬಾಗಿಲು ಹಾಕಿಕೊಂಡುಬಿಡುತ್ತಿತ್ತೇನೋ. ಇದು ಜೋಳಿಗೆಯನ್ನು ಅರ್ಧಕ್ಕೆ ಬಿಟ್ಟು ಹೊರಗೆ ಬರುತ್ತದೆ. ಟೊಂಗೆ ಹತ್ತುತ್ತದೆ. ಟೊಂಗೆಯ ಸುತ್ತ ನೂಲು ಸುತ್ತುತ್ತದೆ, ಸುತ್ತಿದ್ದರ ಮೇಲೆ ಮತ್ತೆ ಸುತ್ತುತ್ತದೆ. ಅಲ್ಲಿಂದ ಜೋಳಿಗೆಯವರೆಗೆ ಮೇಲೆ ಕೆಳಗೆ ಓಡಾಡಿ ತೊಟ್ಟನ್ನು ಹೊಸೆಯುತ್ತದೆ. ಇಷ್ಟಾದ ಮೇಲೆಯೇ ಒಳಗೆ ಹೋಗಿ, ತಲೆಯನ್ನು ಎಂಟರ ಅಂಕಿಯಂತೆ ಆಡಿಸುತ್ತ ಮುಕ್ಕಾಲು ಕಿಲೋಮೀಟರಿನಿಂದ ಒಂದು ಕಿಲೋಮೀಟರಿನಷ್ಟು ಎಳೆಯನ್ನು ತನ್ನ ಸುತ್ತ ಸುತ್ತಿಕೊಳ್ಳುವುದು.

ಇಷ್ಟು ಕಷ್ಟ ಯಾಕೆ ಎಂದರೆ, ನಮ್ಮದು ಎಲೆ ಉದುರುವ ಕಾಡು. ಶಿವರಾತ್ರಿ ಕಳೆಯುವಷ್ಟರಲ್ಲಿ ಮತ್ತಿ, ತೇಗ ಎಲ್ಲವೂ ಬೋಳು. ಎಲೆಯನ್ನು ನಂಬಿದ ಗೂಡು ಎಲೆಯ ಜೊತೆಗೇ ನೆಲಕ್ಕೆ ಬಿದ್ದು, ಇರುವೆಗೋ ಬೆಂಕಿಗೋ ಆಹುತಿಯಾಗಬೇಕು. ಎಲೆ ಉದುರುವುದನ್ನು ಆ ಹುಳು ಯಾವತ್ತೂ ನೋಡಿರುವುದಿಲ್ಲ. ಮಳೆಗಾಲದಲ್ಲಿ ಹುಟ್ಟಿ, ಹಸಿರಿನಲ್ಲೇ ಮೇದು, ಹಸಿರಿರುವಾಗಲೇ ಗೂಡು ಸೇರುವ ಪ್ರಾಣಿ ಅದು. ಆದರೂ ಟೊಂಗೆಗೆ ಬಳೆ ತೊಡಿಸಿಯೇ ಮಲಗುತ್ತದೆ.

ಹುಳುವನ್ನು ನಾನು ಮೊದಲು ಕಂಡದ್ದು ಕೆಲವು ವರ್ಷಗಳ ಹಿಂದೆ, ಸೆಪ್ಟೆಂಬರಿನಲ್ಲಿ, ಚಂದ್ರಂಪಳ್ಳಿ ಜಲಾಶಯದ ಕಡೆ. ಕಂಡದ್ದು ಎನ್ನುವುದಕ್ಕಿಂತ ಕೇಳಿದ್ದು ಎನ್ನಬೇಕು. ಮತ್ತಿ ಮರದ ಕೆಳಗೆ ನಿಂತಿದ್ದಾಗ ಒಣ ಎಲೆಯ ಮೇಲೆ ಟಪ್, ಟಪ್ ಎಂದು ಹನಿ ಬಿದ್ದ ಸದ್ದು. ಆಕಾಶದಲ್ಲಿ ಮೋಡವೇ ಇರಲಿಲ್ಲ. ಬಗ್ಗಿ ನೋಡಿದರೆ ಕೊತ್ತಂಬರಿ ಬೀಜಕ್ಕಿಂತ ದಪ್ಪದ, ಗೆರೆ ಗೆರೆಯ ಹಿಕ್ಕೆಗಳು. ಹಿಕ್ಕೆ ಬಿದ್ದ ಜಾಗದಿಂದ ನೆಟ್ಟಗೆ ಮೇಲೆ ಕಣ್ಣು ಹಾಯಿಸಿದರೂ ಹುಳು ಕಾಣಿಸಲು ಹತ್ತು ನಿಮಿಷ ಬೇಕಾಯಿತು. ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು ಉದ್ದ, ಹೆಬ್ಬೆರಳಿನ ದಪ್ಪ, ಎಲೆಯದೇ ಹಸಿರು. ಪಕ್ಕೆಯಲ್ಲಿ ಒಂದೆರಡು ಕಡೆ ಬೆಳ್ಳಿಯ ಚುಕ್ಕೆ. ಬಣ್ಣದ ಮಾತಿಗೆ ಹೇಳುತ್ತಿಲ್ಲ. ನಿಜಕ್ಕೂ ಕನ್ನಡಿಯ ಚೂರಿನಂತೆ ಹೊಳೆಯುವ ಚುಕ್ಕೆ. ಎಲೆಯ ಮೇಲೆ ನಿಂತ ನೀರ ಹನಿ ಎಂದು ಹಕ್ಕಿ ಮೋಸ ಹೋಗುತ್ತದೆಯೋ ಏನೋ, ನಾನಂತೂ ಹೋದೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ರಾಮನಗರದ ಕಡೆಯವರೊಬ್ಬರಿಂದ ರೇಷ್ಮೆಯ ಮಾತುಗಳನ್ನು ಕಲಿತೆ. ಹುಳು ಚರ್ಮ ಕಳಚುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ಅವರು ಜ್ವರ ಎನ್ನುತ್ತಾರೆ. ಮೊದಲ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ತಸರಿಗೂ ನಾಲ್ಕೇ ಜ್ವರ. ಮೊಟ್ಟೆಯಿಂದ ಹೊರಬಂದಾಗ ಹಳದಿ ಕಂದು ಮೈ, ಕರಿ ತಲೆ. ಮೊದಲ ಜ್ವರ ಬಿಟ್ಟ ಮೇಲೆ ಹಸಿರು. ಐದಾರು ವಾರದಲ್ಲಿ, ಚಳಿ ಬಿದ್ದರೆ ಇನ್ನೂ ಕೆಲವು ವಾರ ಹಿಡಿದು, ಹುಟ್ಟಿದಾಗಿನ ತೂಕದ ಸಾವಿರಾರು ಪಟ್ಟು ಬೆಳೆಯುತ್ತದೆ. ಮತ್ತಿ, ಹೊಳೆಯ ದಂಡೆಯ ಬಿಳಿಮತ್ತಿ, ನೇರಳೆ, ಬೋರೆ ಇವೆಲ್ಲ ಅದರ ಮೇವು. ಪತಂಗಕ್ಕೆ ತಿನ್ನುವ ಬಾಯಿಲ್ಲದ್ದರಿಂದ ಜನ್ಮಕ್ಕೆ ಬೇಕಾದ ಊಟವನ್ನೆಲ್ಲ ಈ ಐದಾರು ವಾರದಲ್ಲೇ ಉಂಡು ಮುಗಿಸಬೇಕು.

ಚಿಂಚೋಳಿಯ ಈ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು, ಸುಮಾರು 135 ಚದರ ಕಿಲೋಮೀಟರ್. ಸಾಗರ, ತೀರ್ಥಹಳ್ಳಿಯ ಕಡೆಯವರು ನೋಡಿದರೆ ಇದನ್ನು ಕಾಡು ಎನ್ನಲು ಹಿಂದೆಮುಂದೆ ನೋಡಿಯಾರು. ಏಪ್ರಿಲಿನಲ್ಲಿ ಬಂದರಂತೂ ಕಡ್ಡಿಗಳನ್ನು ನೆಟ್ಟ ಗುಡ್ಡ ಅಷ್ಟೆ. ಧಾಮದೊಳಗಿನದು ಕಡ್ಡಿಯಾದರೂ ಮುಟ್ಟುವಂತಿಲ್ಲ, ಅದು ಸರಿಯೇ. ನನ್ನ ಮೂರೂ ಗೂಡುಗಳು ಅಕ್ಕನ ಬದುವಿನವು.

ಮೂರರಲ್ಲಿ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಭಾರವಾಗಿ ಧಪ್ ಎನ್ನುತ್ತಿತ್ತು. ಜೀವಂತ ಕೋಶದ (ಹುಳು ಪತಂಗವಾಗುವ ಮುಂಚೆ ಗೂಡಿನೊಳಗೆ ತಾಳುವ ರೂಪ) ಸದ್ದು ಅದು. ಎರಡನೆಯದು ಒಣ ಸೋರೆಬುರುಡೆಯಂತೆ ಗಲಗಲ. ಒಳಗಿದ್ದದ್ದು ಯಾವಾಗಲೋ ಸತ್ತು ಒಣಗಿತ್ತು. ಮೂರನೆಯದರ ಪಕ್ಕದಲ್ಲಿ ಬಡಗಿ ಕೊರೆದಂಥ ಗುಂಡಗಿನ ತೂತು. ಪತಂಗವಾದರೆ ತೊಟ್ಟಿನ ಬದಿಯಿಂದ, ಎಳೆಗಳನ್ನು ಸಡಿಲಿಸಿ ಬರುತ್ತದೆ. ಹಲ್ಲಿನಿಂದ ಕಡಿಯುವ ಕೆಲಸ ಅದರದ್ದಲ್ಲ. ಇದು ಕರಿ ಚುಕ್ಕೆಯ ಒಂದು ಹಳದಿ ಕಣಜದ ಕೆಲಸ. ಗೂಡು ಇನ್ನೂ ಹಸಿಯಿರುವಾಗಲೇ ಆ ಕಣಜ ಸೂಜಿಯಂಥ ಬಾಲವನ್ನು ಗೂಡಿನೊಳಗೆ ಇಳಿಸಿ ಕೋಶದಲ್ಲಿ ಒಂದು ಮೊಟ್ಟೆ ಇಟ್ಟು ಹೋಗುತ್ತದೆ. ಅದರ ಮರಿ ಕೋಶವನ್ನು ಒಳಗಿನಿಂದ ತಿಂದು, ದೊಡ್ಡದಾಗಿ, ಗೋಡೆ ಕಡಿದು ಹೊರಬರುತ್ತದೆ. ಬಳೆ ಹಾಕಿ, ತೊಟ್ಟು ಹೊಸೆದು, ಕಿಲೋಮೀಟರ್ ನೂಲು ಸುತ್ತಿದ ಮನೆಯಲ್ಲಿ ಕೊನೆಗೆ ದೊಡ್ಡವನಾದವನು ಬೇರೆಯವನು.

ಜೀವವಿದ್ದ ಗೂಡನ್ನು ಕಲಬುರಗಿಯ ಮನೆಗೆ ತಂದೆ. ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಬೆಕ್ಕು ಮುಟ್ಟಬಾರದು, ಇರುವೆ ಹತ್ತಬಾರದು ಎಂದು ಅದನ್ನು ಕಬ್ಬಿಣದ ಕಪಾಟಿನಲ್ಲಿ, ಆದಾಯ ತೆರಿಗೆಯ ಹಳೆಯ ಕಡತಗಳ ಪಕ್ಕ ಇಟ್ಟು ಬೀಗ ಹಾಕಿದೆ. ಲೆಕ್ಕಪತ್ರದವನ ಬುದ್ಧಿ ಎಲ್ಲಿಗೆ ಹೋದರೂ ಬೀಗವನ್ನೇ ಹುಡುಕುತ್ತದೆ. ಎರಡು ತಿಂಗಳು ಅದು ಕತ್ತಲಲ್ಲೇ ಕೂತಿತ್ತು. ಮಾರ್ಚಿನ ಒಂದು ರಾತ್ರಿ ತಸರಿನ ಚೀನೀ ದಾಯಾದಿಯ ಬಗ್ಗೆ ಓದುತ್ತಿದ್ದಾಗ ಎದೆ ಧಸಕ್ಕೆಂದಿತು.

1964ರಲ್ಲಿ ಅಮೆರಿಕದ ಕ್ಯಾರೋಲ್ ವಿಲಿಯಮ್ಸ್ ಮತ್ತು ಪೆರಿ ಆಡ್ಕಿಸನ್ ಆ ಚೀನೀ ರೇಷ್ಮೆಯ ಕೋಶಗಳ ಮೇಲೆ ಮಾಡಿದ ಪ್ರಯೋಗ ಅದು. ಹಲಗೆಯಲ್ಲಿ ತೂತು ಮಾಡಿ, ಪ್ರತಿ ಕೋಶದ ತಲೆ ಹಲಗೆಯ ಒಂದು ಬದಿಗೆ, ಬಾಲ ಇನ್ನೊಂದು ಬದಿಗೆ ಬರುವಂತೆ ಸಿಕ್ಕಿಸಿದರು. ಒಂದು ಬದಿಯಲ್ಲಿ ಉದ್ದದ ಹಗಲು, ಇನ್ನೊಂದರಲ್ಲಿ ಗಿಡ್ಡ ಹಗಲು. ತಲೆಗೆ ಉದ್ದದ ಹಗಲು ಸಿಕ್ಕ ಕೋಶಗಳು ನಿದ್ದೆಯಿಂದ ಎದ್ದವು. ಬಾಲಕ್ಕೆ ಸಿಕ್ಕ ಬೆಳಕು ಲೆಕ್ಕಕ್ಕೇ ಬರಲಿಲ್ಲ. ಕೋಶದ ಕಂದು ಚಿಪ್ಪಿನಲ್ಲಿ, ನೇರವಾಗಿ ಮಿದುಳಿನ ಮೇಲೆ, ಹಣೆಯ ಜಾಗದಲ್ಲಿ ಚಿಪ್ಪು ತೆಳುವಾಗಿ ಕಿಟಕಿಯಂತಿರುತ್ತದೆ. ಗೂಡಿನ ಗೋಡೆ ದಾಟಿ ಬಂದ ಮಂಕು ಬೆಳಕು ಆ ಕಿಟಕಿಯಿಂದ ಇಳಿದು, ಮಿದುಳಿನಲ್ಲಿ ಹಗಲು ಎಷ್ಟು ಬೆಳೆಯಿತು ಎಂಬ ಎಣಿಕೆ ನಡೆಯುತ್ತದೆ. ಕಣ್ಣಿಲ್ಲದೆ, ಕಾಲಿಲ್ಲದೆ, ಬಾಗಿಲಿಲ್ಲದ ಮನೆಯಲ್ಲಿ ಮಲಗಿದ್ದುಕೊಂಡೇ ಪಂಚಾಂಗ ನೋಡುವ ಪ್ರಾಣಿ.

ನಮ್ಮ ಕಲಬುರಗಿಯಲ್ಲಿ ಡಿಸೆಂಬರಿನ ಅತಿ ಗಿಡ್ಡ ಹಗಲು ಹನ್ನೊಂದು ಗಂಟೆಯಷ್ಟು, ಜೂನಿನ ಅತಿ ಉದ್ದದ್ದು ಹದಿಮೂರು ಗಂಟೆಗೆ ಸ್ವಲ್ಪ ಮೇಲೆ. ಈ ಎರಡು ಗಂಟೆಗಳ ವ್ಯತ್ಯಾಸವನ್ನು ನಾವು ಗಮನಿಸುವುದೂ ಇಲ್ಲ. ನನ್ನದು ಆ ಚೀನೀ ಹುಳುವಲ್ಲ, ಅದರ ದಾಯಾದಿ ಮಾತ್ರ, ಆದರೂ ಆ ರಾತ್ರಿಯೇ ಎದ್ದು ಕಪಾಟು ತೆರೆದೆ. ಗೂಡು ಕಡತಗಳ ನಡುವೆ ಹಾಗೇ ಇತ್ತು. ಅಲ್ಲಾಡಿಸಿದೆ. ಧಪ್. ಉತ್ತರ ದಿಕ್ಕಿನ ಕಿಟಕಿಯ ಸರಳಿಗೆ, ಕತ್ತರಿಸಿ ತಂದ ಟೊಂಗೆಯ ಸಮೇತ ಕಟ್ಟಿದೆ.

ಆಮೇಲಿನದು ಬೇಸಿಗೆ. ನಮ್ಮ ಬೇಸಿಗೆಯನ್ನು ವರ್ಣಿಸಿ ಪ್ರಯೋಜನವಿಲ್ಲ. ಮೇ ತಿಂಗಳಲ್ಲಿ 44 ಡಿಗ್ರಿ, ಮಧ್ಯಾಹ್ನ ಮನೆಯೊಳಗಿನ ಶಹಾಬಾದಿ ಫರ್ಸಿಯೂ ಬರಿಗಾಲಿಗೆ ಬಿಸಿ. ನಾವು ಕೂಲರಿನ ಮುಂದೆ ಒದ್ದೆ ಹುಲ್ಲಿನ ವಾಸನೆ ಕುಡಿಯುತ್ತ ಕೂತಿದ್ದರೆ ಅದು ಕಿಟಕಿಯಲ್ಲಿ ಒಂದು ಹನಿ ನೀರಿಲ್ಲದೆ ನೇತಾಡುತ್ತಿತ್ತು. ತಾಳಿಕೊಳ್ಳುವ ಆ ಗೋಡೆಯಲ್ಲಿ ಬರೀ ರೇಷ್ಮೆಯಿಲ್ಲ. ಗೂಡು ಕಟ್ಟುವಾಗ ಹುಳು ತನ್ನ ದೇಹದೊಳಗಿಂದ ಸುಣ್ಣದಂಶದ ಹರಳುಗಳನ್ನೂ ಅದಕ್ಕೆ ಸೇರಿಸುತ್ತದೆ, ಕ್ಯಾಲ್ಸಿಯಂ ಆಕ್ಸಲೇಟ್. ಸುಣ್ಣದ ಕಲ್ಲಿನ ಮೇಲೆ ಕಟ್ಟಿದ ನಮ್ಮ ಜಿಲ್ಲೆಯಲ್ಲಿ ಹುಳುವೂ ಗಾರೆ ಬಳಿಯುತ್ತದೆ ಎಂದು ನಗು ಬಂತು. ಈ ಗಟ್ಟಿತನವನ್ನು ಹಿಂದಿನವರು ಬೇರೆ ರೀತಿಯಲ್ಲಿ ಕಂಡಿದ್ದರು. 1830ರ ದಶಕದಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ದಖ್ಖನಿನ ಈ ಹುಳುವನ್ನು ಕೋಲಿಸುರಾ ಎಂಬ ಹೆಸರಿನಲ್ಲಿ ವರ್ಣಿಸಿದ. ಗೂಡನ್ನು ಸುರುಳಿಯಾಗಿ ಕತ್ತರಿಸಿದರೆ ಉದ್ದನೆಯ ಪಟ್ಟಿ ಬರುತ್ತದೆ. ಆ ಪಟ್ಟಿಯಿಂದ ಕೋವಿಯ ನಳಿಗೆಯನ್ನು ಮರದ ಹಿಡಿಗೆ ಬಿಗಿಯುತ್ತಿದ್ದರು. ಬಿಸಿಲಿಗೆ ಬಿರಿಯದ, ಮಳೆಗೆ ಹಿಗ್ಗದ ಹಗ್ಗ. ಜೇಡರ ದಾಸಿಮಯ್ಯನ ಮುದನೂರು ಇರುವ ಸೀಮೆ ನಮ್ಮದು, ನೇಯುವವರಿಗೇನೂ ಬರವಿರಲಿಲ್ಲ. ಆದರೂ ಕಾಡಿನ ಈ ನೂಲು ಸೀರೆಯಾಗುವ ಬದಲು ಕೋವಿಗೆ ಸುತ್ತಿಕೊಂಡದ್ದು ವಿಚಿತ್ರ.

ರೋಹಿಣಿ ಮಳೆ ಹೆಸರಿಗೆ ಬಂತು. ಮೃಗಶಿರಾ ಹತ್ತಿರವಾದಂತೆ ಮನಸ್ಸು ನಿಲ್ಲಲಿಲ್ಲ. ಪತಂಗ ಇಲ್ಲೇ ಕಾಂಕ್ರೀಟಿನ ನಡುವೆ ಹೊರಬಂದರೆ ಅದಕ್ಕೆ ಜೊತೆ ಎಲ್ಲಿ ಸಿಗಬೇಕು? ಟೊಂಗೆಯನ್ನು ಕೈಚೀಲದಲ್ಲಿ ಇಟ್ಟುಕೊಂಡು ಚಿಂಚೋಳಿಯ ಬಸ್ ಹತ್ತಿದೆ. ಮಡಿಲಲ್ಲಿ ಒಣ ಕಟ್ಟಿಗೆ ಇಟ್ಟುಕೊಂಡು ಕೂತ ಮುದುಕನನ್ನು ಕಂಡಕ್ಟರ್ ಎರಡು ಸಲ ನೋಡಿದ. ಅಕ್ಕ ತೊಗರಿ ಬೀಜ ಆರಿಸುತ್ತ ಕೂತಿದ್ದಳು. “ಇದೊಂದು ಕಟ್ಟಿಗೆ ಇಲ್ಲಿಂದ ಊರಿಗೆ, ಊರಿಂದ ಇಲ್ಲಿಗೆ. ಟಿಕೆಟ್ ತೆಗೆಸಿದೆಯೋ ಇಲ್ಲವೋ ಅದಕ್ಕೂ?” ಎಂದಳು.

ಮೂರನೆಯ ದಿನ ಮಧ್ಯಾಹ್ನ ಮಳೆ ಬಿತ್ತು, ಮಣ್ಣು ಹೊಟ್ಟೆ ತುಂಬ ಕುಡಿಯುವಂಥ ಮಳೆ. ಮರುದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಗೂಡಿನ ತೊಟ್ಟಿನ ಬುಡ ಒದ್ದೆಯಾಗಿರುವುದನ್ನು ಕಂಡೆ. ಪತಂಗ ಒಳಗಿನಿಂದ ಒಂದು ರಸವನ್ನು ಉಗುಳಿ ಎಳೆಗಳ ಅಂಟನ್ನು ಕರಗಿಸುತ್ತದೆ. ನನ್ನ ಉಗುರನ್ನು ಸೀಳಿದ ಗೋಡೆ ನೆನೆದ ಹತ್ತಿಯಂತಾಯಿತು. ಮೊದಲು ಒಂದು ಕಾಲು, ಆಮೇಲೆ ತಲೆ, ಆಮೇಲೆ ಒದ್ದೆ ಬೆಕ್ಕಿನ ಮರಿಯಂಥ ಒಂದು ಮುದ್ದೆ. ರೆಕ್ಕೆಗಳೆಂದರೆ ಮಡಿಚಿ ತುರುಕಿದ ಕರವಸ್ತ್ರ. ಅದು ತೆವಳಿ ಟೊಂಗೆಯ ಕೆಳಗೆ ಜೋತುಬಿದ್ದಿತು. ಜೋತುಬೀಳಲು ಜಾಗವಿಲ್ಲದಿದ್ದರೆ ರೆಕ್ಕೆ ಬಿಚ್ಚಿಕೊಳ್ಳುವುದಿಲ್ಲ, ಸುಕ್ಕಾಗಿಯೇ ಒಣಗುತ್ತದೆ. ಕಬ್ಬಿಣದ ಕಪಾಟು ನೆನಪಾಗಿ ಮೈ ಜುಮ್ಮೆಂದಿತು.

ಗಂಟೆಯೊಳಗೆ ರೆಕ್ಕೆ ಬಿಚ್ಚಿ ನಿಂತಿತು. ಹೆಣ್ಣು. ಎರಡು ಅಂಗೈ ಜೋಡಿಸಿದರೂ ಮುಚ್ಚದಷ್ಟು ಅಗಲ, ಹಣ್ಣಾದ ಜೋಳದ ದಂಟಿನ ಹಳದಿ. ನಾಲ್ಕು ರೆಕ್ಕೆಗೂ ಒಂದೊಂದು ಕಣ್ಣು, ಆ ಕಣ್ಣಿನ ನಡುವೆ ಪಾರದರ್ಶಕ ಬಿಲ್ಲೆ. ಅದರೊಳಗಿಂದ ಹಿಂದಿನ ಸೊಳ್ಳೆ ಪರದೆಯ ಹೆಣಿಗೆಯನ್ನು ಎಣಿಸಬಹುದಿತ್ತು. ನಾನು ಬಾಯಿ ತೆರೆದು ನೋಡುತ್ತಿದ್ದಾಗಲೇ ಅದು ಹೊಟ್ಟೆಯಲ್ಲಿದ್ದ ಕಂದು ನೀರನ್ನು ಧಾರೆಯಾಗಿ ಬಿಟ್ಟಿತು, ಅಕ್ಕ ಅಂದೇ ಒಗೆದು ಹಾಸಿದ್ದ ಚಾದರದ ಮೇಲೆ. ಏಳು ತಿಂಗಳಿನದು. ಆ ಕಲೆ ಈಗಲೂ ಹೋಗಿಲ್ಲ ಎಂದು ಅಕ್ಕ ಪ್ರತಿ ಸಲ ತೋರಿಸುತ್ತಾಳೆ.

ಸೊಳ್ಳೆ ಪರದೆಯ ಸಮೇತ ಅದನ್ನು ಪಡಸಾಲೆಗೆ ಒಯ್ದು ಕಟ್ಟಿದೆವು. ಅದು ಹಾರಲಿಲ್ಲ. ಹೊಟ್ಟೆಯ ತುದಿಯನ್ನು ಹೊರಚಾಚಿ ಸುಮ್ಮನೆ ಕೂತಿತು. ನಮ್ಮ ಮೂಗಿಗೆ ಏನೂ ಬಡಿಯಲಿಲ್ಲ. ರಾತ್ರಿ ಎರಡು ಸಲ ಎದ್ದು ನೋಡಿದೆ, ಹಾಗೇ ಇತ್ತು. ಬೆಳಗಿನ ನಾಲ್ಕರ ಸುಮಾರಿಗೆ ಯಾರೋ ಬಟ್ಟೆ ಜಾಡಿಸಿದಂಥ ಸದ್ದು. ಪರದೆಗೆ ಹೊರಗಿನಿಂದ ಇನ್ನೊಂದು ಡಿಕ್ಕಿ ಹೊಡೆಯುತ್ತಿತ್ತು. ಚಿಕ್ಕದು, ಇಟ್ಟಿಗೆಯ ಕೆಂಪು, ತಲೆಯ ಮೇಲೆ ಎರಡು ಅಗಲವಾದ ಗರಿ. ಗಂಡಿನ ಆ ಗರಿಗಳೇ ಅದರ ಮೂಗು. ಕತ್ತಲಲ್ಲಿ, ಮಳೆ ಬಿದ್ದ ಹೊಲಗಳ ಮೇಲೆ, ಅದು ಎಷ್ಟು ದೂರದಿಂದ ಈ ಒಂದು ವಾಸನೆಯ ಎಳೆ ಹಿಡಿದು ಬಂತೋ. ಐದಾರು ತಿಂಗಳು ನಾನು ಕಪಾಟು, ಕಿಟಕಿ, ಕೈಚೀಲ ಎಂದು ತಲೆ ಕೆಡಿಸಿಕೊಂಡ ಹುಡುಗಿಯ ಸಂಬಂಧವನ್ನು ಅದು ಒಂದೇ ರಾತ್ರಿಯಲ್ಲಿ ಕುದುರಿಸಿತು. ಅಕ್ಕನೇ ಪರದೆ ಎತ್ತಿದಳು. ಬೆಳಕು ಹರಿಯುವ ಹೊತ್ತಿಗೆ ಎರಡೂ ಬಾಲಕ್ಕೆ ಬಾಲ ಹಚ್ಚಿ, ಎಲೆ ಉದುರಿದ ಕಡ್ಡಿಯ ಮೇಲೆ ಒಂದೇ ದೊಡ್ಡ ಎಲೆಯಂತೆ ನೇತಾಡುತ್ತಿದ್ದವು. ಸಂಜೆಯವರೆಗೂ ಹಾಗೇ.

ಅವತ್ತು ಹಗಲಿಡೀ ಪಡಸಾಲೆಯಲ್ಲಿ ಕೂತು ಲೆಕ್ಕ ಹಾಕಿದೆ, ನನ್ನ ಚಟ ಅದು. ಹೊರಬಂದ ಮೇಲೆ ಅದರ ಆಯುಸ್ಸು ಸುಮಾರು ಒಂದು ವಾರ. ಮೊಟ್ಟೆಯಾಗಿ ಎಂಟು ಹತ್ತು ದಿನ. ಹುಳುವಾಗಿ ಒಂದೂವರೆ ಎರಡು ತಿಂಗಳು. ಮಿಕ್ಕದ್ದೆಲ್ಲ ಗೂಡಿನಲ್ಲೇ, ಏಳು ತಿಂಗಳಿಗೂ ಮೇಲೆ. ನಾವು ಅದನ್ನು ಪತಂಗ ಎಂದು ಕರೆಯುವುದು ವರ್ಷಕ್ಕೊಮ್ಮೆ ಜಾತ್ರೆಗೆ ಬಂದವನನ್ನು ಜಾತ್ರೆಯವನು ಎಂದು ಕರೆದಂತೆ. ಹುಡುಗ ಕಾಯಿ ಎಂದದ್ದೇ ಹೆಚ್ಚು ಸರಿ.

ರಾತ್ರಿ ಗಂಡು ಹಾರಿಹೋಯಿತು. ಹೆಣ್ಣು ಪರದೆಯ ಮೇಲೆಯೇ ಇಪ್ಪತ್ತಾರು ಮೊಟ್ಟೆ ಇಟ್ಟಿತು, ಹೆಸರುಕಾಳಿಗಿಂತ ಚಿಕ್ಕವು, ನಡುವೆ ಕಂದು ಗೆರೆ. ಆಮೇಲೆ ಅದೂ ಹೊರಟಿತು. ಒಂದು ಹೆಣ್ಣು ಇಡುವುದು ನೂರೈವತ್ತರ ಮೇಲೆ, ಇನ್ನೂರರ ಆಚೀಚೆ. ಉಳಿದವನ್ನು ಎಲ್ಲೆಲ್ಲಿ ಇಟ್ಟಿತು ಎಂದು ಯಾರು ನೋಡಿದ್ದಾರೆ. ಇಪ್ಪತ್ತಾರನ್ನು ಪರದೆಯ ಚೂರಿನ ಸಮೇತ ಕತ್ತರಿಸಿ, ಬದುವಿನ ಬೋರೆ ಗಿಡಕ್ಕೆ ಪಿನ್ನಿನಿಂದ ಚುಚ್ಚಿದೆ. ಪರದೆಯ ಲೆಕ್ಕವೂ ಅಕ್ಕನ ಹತ್ತಿರ ಇದೆ. ಒಂಬತ್ತನೆಯ ದಿನ ಮರಿಗಳು ಹೊರಬಂದವು. ಹತ್ತನೆಯ ದಿನ ಇರುವೆಗಳು ಬಂದವು. ನಾನು ಕಲಬುರಗಿಗೆ ಹಿಂದಿರುಗುವಾಗ ಬೋರೆಯಲ್ಲಿ ಉಳಿದಿದ್ದದ್ದು ನಾಲ್ಕು.

ಜುಲೈ ಕೊನೆಯಲ್ಲಿ ಅಕ್ಕನ ಫೋನ್ ಬಂತು.

“ತಮ್ಮಾ, ಅಂಗಳದ ಬಾದಾಮಿ ಗಿಡ ನೋಡಬೇಕು ನೀನು. ಒಂದು ಪಕ್ಕ ಎಲೆಯೇ ಇಲ್ಲ. ರಾತ್ರಿಯೆಲ್ಲ ಪತ್ರಾಸಿನ ಮೇಲೆ ಟಪ್ ಟಪ್ ಎಂದು ಹಿಕ್ಕೆ ಬೀಳುತ್ತದೆ, ಮಳೆಯೆಂದು ನಿನ್ನ ಮಾವ ಎರಡು ಸಲ ಎದ್ದು ಬಟ್ಟೆ ಒಳಗೆ ತಂದರು.”

“ಬೋರೆಯಲ್ಲವೇನಕ್ಕ? ಬಾದಾಮಿಯೇ?”

“ಬಾದಾಮಿಯೇ. ಹದಿನೇಳು ಇವೆ. ಮೊಮ್ಮಗ ಎಣಿಸಿದ್ದಾನೆ. ಯಾರನ್ನೂ ಕಲ್ಲು ಮುಟ್ಟಲು ಬಿಡುತ್ತಿಲ್ಲ ಅವನು. ನೀನು ಬಂದು ತೆಗೆದುಕೊಂಡು ಹೋಗು.”

ಭಾನುವಾರ ಬರುತ್ತೇನೆ ಎಂದೆ. “ಬರುವಾಗ ಒಂದು ಚಾದರ, ಒಂದು ಸೊಳ್ಳೆ ಪರದೆ ತಾ” ಎಂದು ಹೇಳಿ ಫೋನ್ ಇಟ್ಟಳು.